ಮಕ್ಕಳ ಕಣ್ಣು ತೋರಿಸಲು ಶಾಲೆವರೆಗೆ ಕಾಯಬೇಡಿ

ಮಾನ್ಯರೇ,

ಕಣ್ಣಿನ ಬಗ್ಗೆ ಲೇಖನ ಬಂದಾಗಲೆಲ್ಲ ಪಕ್ಕದಲ್ಲೊಂದು ಕ್ಯಾಮೆರಾ ಚಿತ್ರ ಇರುತ್ತದೆ. ಲೆನ್ಸ್, ರೆಟಿನಾ, ಅಲ್ಲಿಗೆ ಮುಗೀತು. ತಲೆಯ ಹಿಂಭಾಗದಲ್ಲಿರುವ ವಿಷುವಲ್ ಕಾರ್ಟೆಕ್ಸ್, ಅಂದರೆ ನೋಟದ ಕೆಲಸ ಮಾಡುವ ಮೆದುಳಿನ ಭಾಗದ ಹೆಸರೇ ಬರುವುದಿಲ್ಲ. ರೆಟಿನಾದಿಂದ ಬಂದದ್ದನ್ನು ಗೆರೆ, ಅಂಚು, ಬಣ್ಣ, ಚಲನೆ ಅಂತ ಬಿಡಿಸಿ ಅರ್ಥ ಮಾಡಿಕೊಳ್ಳುವ ಕೆಲಸ ಶುರುವಾಗುವುದೇ ಅಲ್ಲಿ, ಅಲ್ವಾ?

1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್, ಟಾರ್ಸ್ಟನ್ ವೀಸೆಲ್ ಬೆಕ್ಕಿಗೆ ಚುಕ್ಕೆಗಳನ್ನು ತೋರಿಸುತ್ತಾ ಅದರ ಮೆದುಳಿನ ಒಂದೊಂದೇ ನರಕೋಶ ಏನು ಮಾಡುತ್ತದೆಂದು ನೋಡುತ್ತಿದ್ದರು. ಕೋಶ ಸುಮ್ನೆ ಇತ್ತು. ಗಾಜಿನ ಸ್ಲೈಡ್ ತೂರಿಸುವಾಗ ಅದರ ಅಂಚಿನ ನೆರಳು ಹಾದುಹೋದದ್ದೇ ತಡ, ಪಟಪಟ ಅನ್ನತೊಡಗಿತು! ಅದಕ್ಕೆ ಬೇಕಿದ್ದದ್ದು ಚುಕ್ಕೆಯಲ್ಲ, ಒಂದು ನಿರ್ದಿಷ್ಟ ಓರೆಯಲ್ಲಿರುವ ಗೆರೆ. ಆಮೇಲೆ ಅವರು ಬೆಕ್ಕಿನ ಮರಿಯ ಒಂದು ಕಣ್ಣನ್ನು ಹುಟ್ಟಿದ ಹೊಸತರಲ್ಲೇ ಮುಚ್ಚಿ, ಕೆಲವು ತಿಂಗಳ ನಂತರ ತೆರೆದರು. ಕಣ್ಣೇನೋ ಚೆನ್ನಾಗಿಯೇ ಇತ್ತು, ಆದರೆ ಕಾರ್ಟೆಕ್ಸ್‌ನ ಬಹುತೇಕ ಕೋಶಗಳು ಅದರ ಮಾತು ಕೇಳುವುದನ್ನೇ ಬಿಟ್ಟು ಇನ್ನೊಂದು ಕಣ್ಣಿನ ಪಾಲಾಗಿದ್ದವು. ದೊಡ್ಡ ಬೆಕ್ಕಿಗೆ ಹೀಗೆ ಮಾಡಿದರೆ ಏನೂ ಆಗಲಿಲ್ಲ. ಇಬ್ಬರಿಗೂ 1981ರಲ್ಲಿ ನೊಬೆಲ್ ಬಂತು.

ನಮ್ಮ ಮಕ್ಕಳ ಲೇಜಿ ಐ ಕಥೆಯೂ ಇದೇ. ಒಂದು ಕಣ್ಣು ಮೆಳ್ಳೆಯಾಗಿದ್ದರೆ, ಇಲ್ಲವೇ ಅದಕ್ಕೆ ಬೇಕಾದ ಕನ್ನಡಕದ ಪವರ್ ಜಾಸ್ತಿ ಇದ್ದರೆ ಮೆದುಳು ಆ ಕಣ್ಣನ್ನು ಕಡೆಗಣಿಸುತ್ತಾ ಹೋಗುತ್ತದೆ. ಇನ್ನೊಂದು ಕಣ್ಣಲ್ಲಿ ಎಲ್ಲ ಕಾಣುವುದರಿಂದ ಮಗು ದೂರು ಹೇಳುವುದೇ ಇಲ್ಲ. ನಾವೋ, ಮೆಳ್ಳೆಗಣ್ಣು ಅದೃಷ್ಟ ಎಂದು ಕೂರುತ್ತೇವೆ! ಚಿಕ್ಕಂದಿನಲ್ಲೇ ಗೊತ್ತಾದರೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ದಿನಕ್ಕೆ ಸ್ವಲ್ಪ ಹೊತ್ತು ಪಟ್ಟಿ ಕಟ್ಟಿದರೆ ಸಾಕಷ್ಟು ಸರಿಪಡಿಸಬಹುದು. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದಲೇ ಇದೆ, ಅಂಗನವಾಡಿಗೂ ತಂಡ ಬರಬೇಕು. ಬಂದಾಗ ಒಂದೊಂದೇ ಕಣ್ಣು ಮುಚ್ಚಿಸಿ ನೋಡಲಿ, ಪೋಷಕರೂ ಪಟ್ಟು ಹಿಡಿದು ಕೇಳಲಿ.

ಹಾಗಂತ ವಯಸ್ಸಾಯಿತು, ಇನ್ನು ಪ್ರಯೋಜನವಿಲ್ಲ ಎಂದು ಕೈಬಿಡುವುದೂ ತಪ್ಪು. ವಿಜ್ಞಾನಿ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಎಂಬ ಯೋಜನೆಯಲ್ಲಿ ಹುಟ್ಟುಕುರುಡಿನ ಮಕ್ಕಳಿಗೆ 8 ವರ್ಷ ದಾಟಿದ ಮೇಲೂ ಆಪರೇಷನ್ ಮಾಡಿದ್ದಾರೆ. ಕೈಯಲ್ಲಿ ಮುಟ್ಟಿದ ವಸ್ತು ಯಾವುದೆಂದು ಮೊದಲಿಗೆ ಅವರಿಗೆ ನೋಡಿ ಹೇಳಲಾಗಲಿಲ್ಲ. ಕೆಲವೇ ದಿನಗಳಲ್ಲಿ ಅದು ಸುಧಾರಿಸಿತು ಎಂದು 2011ರಲ್ಲಿ ವರದಿ ಮಾಡಿದ್ದಾರೆ. ಇದನ್ನೂ ನಿಮ್ಮ ಆರೋಗ್ಯ ಪುಟದಲ್ಲಿ ಬರೆಸಿ.

– ಓರ್ವ ಓದುಗ, ಶಿವಮೊಗ್ಗ