ಪ್ರಶಾಂತ ಅನ್ನೋ ಪದ ಹೊಡೆದು ಹಾಕು, ಮಾಣಿ

ಪ್ರೀತಿಯ ಮಾಣಿ,

ಇಪ್ಪತ್ತೇಳು ದಾಟಿದವನನ್ನು ಮಾಣಿ ಅಂದರಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ನಮ್ಮ ಕಡೆ ಮದುವೆಯಾಗುವ ತನಕ ಎಲ್ಲರೂ ಮಾಣಿಯೇ. ಈಗೀಗ ಕೆಲವರು ನಲವತ್ತರವರೆಗೂ.

ಅಮ್ಮಮ್ಮನ ಮನೆ ಬಗ್ಗೆ ನೀನು ಕಳಿಸಿದ್ದನ್ನು ಎರಡು ಸಲ ಓದಿದೆ. ಮೊದಲ ಸಲ ಊಟ ಮುಗಿಸಿ ಸುಮ್ನೆ, ಎರಡನೇ ಸಲ ಪೆನ್ಸಿಲ್ ಹಿಡಿದು. 'ಪ್ರಶಾಂತ' ಏಳು ಸಲ ಬಂದಿದೆ, 'ನಿಶ್ಶಬ್ದ' ಮೂರು ಸಲ. ಮನೆ ಇರುವುದು ಉಂಚಳ್ಳಿ ಹತ್ತಿರ ಅಂತ ನೀನೇ ಬರೆದಿದ್ದೀಯ. ಅಲ್ಲಿ ಅಘನಾಶಿನಿ 116 ಮೀಟರ್ ಮೇಲಿಂದ ಬೀಳುತ್ತದೆ. ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ ಊರವರು ಅದಕ್ಕೆ ಕೆಪ್ಪ ಜೋಗ ಅಂತಲೇ ಹೆಸರಿಟ್ಟಿದ್ದಾರೆ. ಮಳೆಗಾಲದಲ್ಲಿ ಆ ಸದ್ದು ನಿಮ್ಮ ಜಗಲಿಗೆ ಬರುತ್ತಿರಲಿಲ್ಲವಾ? ಬರುತ್ತಿತ್ತು ಅಂದರೆ ಅದನ್ನು ಬರಿ. ಇಲ್ಲ ಅಂದರೆ ನಡುವೆ ಯಾವ ಗುಡ್ಡ ಅಡ್ಡ ಇತ್ತು ಅಂತ ಬರಿ. ಎರಡರಲ್ಲಿ ಯಾವುದಾದರೂ 'ಪ್ರಶಾಂತ'ಕ್ಕಿಂತ ಒಳ್ಳೆಯದೇ.

ಅಡಿಕೆ ತೋಟದ ಮನೆ ಯಾವತ್ತು ನಿಶ್ಶಬ್ದ ಇತ್ತು ಹೇಳು. ಹಗಲೂ ರಾತ್ರಿ ದಬ್ಬೆಯ ಮೇಲೆ ಅಬ್ಬಿ ನೀರು ಬಂದು ಬಾನಿಗೆ ಬೀಳುತ್ತಿರುತ್ತದೆ. ಅಡಿಕೆ ಗೊನೆ ಕೊಯ್ಲು ಶುರುವಾದರೆ ನಡುರಾತ್ರಿವರೆಗೆ ಅಂಗಳದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಸದ್ದು. ಒಂದು ಹಂಡೆ ಅಡಿಕೆ ಬೇಯುತ್ತಿರುತ್ತದೆ, ಯಾರೋ ಒಲೆಗೆ ಸೌದೆ ಕುಂಟೆ ನೂಕುತ್ತಾರೆ. ನಾವು ಮಕ್ಕಳು ಆ ಸದ್ದಿನ ನಡುವೆಯೇ ಕಂಬಳಿ ಹೊದ್ದು ಮಲಗುತ್ತಿದ್ದೆವು. ನಮಗೆ ನಿದ್ದೆ ಬರುತ್ತಿತ್ತು, ಯಾಕೆಂದರೆ ಎದ್ದಿರುವ ಕೆಲಸ ಬೇರೆಯವರದ್ದಾಗಿತ್ತು. ನೀನು ಶಾಂತಿ ಅಂತ ಬರೆದದ್ದು ಅದನ್ನೇ ಅಂತ ನನ್ನ ಅನುಮಾನ.

ಇದು ನನಗೂ ತಡವಾಗಿಯೇ ಗೊತ್ತಾಯಿತು. ನಮ್ಮ ಮನೆಯಲ್ಲಿ ಒಬ್ಬರು ಸೋದರತ್ತೆ ಇದ್ದರು, ಅಪ್ಪಯ್ಯನ ಅಕ್ಕ. ಅವರ ಮೇಲೆ ನಾನು ಬರೆದ ಮೊದಲ ಪ್ರಬಂಧ ಅಚ್ಚಾದಾಗ ಊರೆಲ್ಲ ಹೊಗಳಿತು. ಅದರಲ್ಲಿ ಅತ್ತೆ ಸದಾ ನಗುಮುಖ, ಮಡಿಲಲ್ಲಿ ನಾನು, ಸುತ್ತ ಹಸಿರು ತೋಟ. ನನ್ನ ಅಕ್ಕ ಓದಿ ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟಳು. "ತಮಾ, ಇದು ನಮ್ಮನೆ ಅತ್ತೆ ಅಲ್ಲ. ಕ್ಯಾಲೆಂಡರಿನ ಅಜ್ಜಿ. ಅತ್ತೆ ಸಿಟ್ಟು ಎಲ್ಲಿಗೆ ಹೋತು?" ಅಂದಳು. ನಾನು ಎರಡು ವಾರ ಅವಳ ಹತ್ತಿರ ಮಾತಾಡಲಿಲ್ಲ.

ಸಿಟ್ಟು ಇತ್ತು. ಬೇಸಿಗೆ ಶುರುವಿಗೆ ಉಪ್ಪಿನಕಾಯಿಯ ಅಪ್ಪೆಮಿಡಿ ಮಾವು ಬರುವ ದಿನ ಅದು ನೆತ್ತಿಗೇರುತ್ತಿತ್ತು. ಹೊಳೆದಂಡೆಯ ಮರದಿಂದ ಮಿಡಿಯನ್ನು ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಸೇರಿದರೂ ಭರಣಿಯೇ ಹಾಳು. ಮಿಡಿ ಜಗಲಿಗೆ ಬಂದ ಮೇಲೆ ಅತ್ತೆ ಕಾಲು ಚಾಚಿ ಕೂರುತ್ತಿದ್ದರು. ಒಂದೊಂದನ್ನೇ ಎತ್ತಿ ತೊಟ್ಟು ಮುರಿದು, ಸೊನೆ ಮೂಸಿ, ಎಡಕ್ಕೆ ಅಥವಾ ಬಲಕ್ಕೆ. ಮಾತಿಲ್ಲ. ಜೀರಿಗೆ ವಾಸನೆಯದ್ದು ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಸೊನೆ ತಾಗಿ ತಾಗಿ ಅವರ ಬೆರಳ ತುದಿ ಸುಟ್ಟು ಕಪ್ಪಾಗಿ ಸಿಪ್ಪೆ ಏಳುತ್ತಿತ್ತು. ಆಮೇಲೆ ಭರಣಿಗೆ ಒಂದು ಪದರ ಹರಳುಪ್ಪು, ಒಂದು ಪದರ ಮಿಡಿ. ಮಿಡಿ ಉಪ್ಪು ಹೀರಿ ಚಿರುಟಿದ ಮೇಲೆಯೇ ಸಾಸಿವೆ, ಮೆಣಸಿನ ಕೆಲಸ.

ಏಳು ವರ್ಷದವನಿದ್ದಾಗ ನಾನು ಬಚ್ಚಲಿಂದ ಬಂದವನೇ ಒದ್ದೆ ಕೈಯನ್ನು ಭರಣಿಯೊಳಗೆ ಹಾಕಿದೆ. ಕೆನ್ನೆಗೆ ಬಿತ್ತು. ಉಪ್ಪು ಹತ್ತಿದ ಕೈ, ಕಣ್ಣೂ ಉರಿಯಿತು. ನೀರು ಸೇರಿದರೆ ಮಿಡಿ ಬೂಸಲು ಬಂದು ಕೊಳೆಯುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ವರ್ಷವಿಡೀ ಹತ್ತು ಹನ್ನೆರಡು ಎಲೆಗೆ ಬಡಿಸಬೇಕಾದ ಉಪ್ಪಿನಕಾಯಿಗೆ ಅವರೊಬ್ಬರೇ ಜವಾಬು ಕೊಡಬೇಕು ಅನ್ನುವುದೂ ಗೊತ್ತಿರಲಿಲ್ಲ.

ಪ್ರಬಂಧದಲ್ಲಿ ನಾನು ಬಿಟ್ಟದ್ದು ಸಿಟ್ಟು ಒಂದನ್ನೇ ಅಲ್ಲ. ಅತ್ತೆ ಕೆಂಪು ಸೀರೆ ಉಟ್ಟಿರುತ್ತಿದ್ದರು, ತಲೆ ಬೋಳಿಸಿಕೊಂಡಿರುತ್ತಿದ್ದರು. ಹದಿನಾರಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವರು. ಮದುವೆಮನೆಗೆ ಮನೆಯವರೆಲ್ಲ ಹೊರಟರೆ ಬಾಗಿಲು ಕಾಯುವುದು ಅವರು. ನನಗೆ ಅದು ಖುಷಿಯಾಗಿತ್ತು. ಜ್ವರ ಬಂತು ಅಂತ ನಾಟಕ ಮಾಡಿ ಅವರ ಜೊತೆ ಉಳಿದರೆ ತಿನ್ನಲಿಕ್ಕೆ ಸಿಹಿ ತೊಡೆದೇವು ಸಿಗುತ್ತಿತ್ತು, ಸಂಜೆ ತೋಟದ ತನಕ ಕೈಹಿಡಿದು ಕರೆದೊಯ್ಯುತ್ತಿದ್ದರು. ನನಗೆ ಲೋಕದಲ್ಲಿ ಅದಕ್ಕಿಂತ ತಂಪಾದ ಜಾಗ ಇರಲಿಲ್ಲ. ಅವರಿಗೆ ಆ ದಣಪೆ ದಾಟಿ ಹೋಗಲು ಇನ್ನೊಂದು ಜಾಗವೇ ಇರಲಿಲ್ಲ. ತೋಟ ಒಂದೇ, ದಣಪೆ ಒಂದೇ. ಇದನ್ನು ಬರೆದರೆ ನೆನಪಿನ ಸವಿ ಕೆಡುತ್ತದೆ ಅಂತ ನನಗೆ ಹೆದರಿಕೆ ಇತ್ತು. ಕೆಡಲಿಲ್ಲ. ಎರಡನೇ ಸಲ ಬರೆದಾಗ ಅಕ್ಕ ಏನೂ ಹೇಳಲಿಲ್ಲ, ಪತ್ರಿಕೆಯನ್ನು ಮಾತ್ರ ವಾಪಸ್ ಕೊಡಲಿಲ್ಲ.

ನೆನಪು ಒಂದನ್ನೇ ನಂಬಿ ಕೂರಬೇಡ. ಹೋಗಿ ನೋಡು, ಕೇಳು. ಅತ್ತೆ ಭರಣಿಗೆ ಹಾಕುತ್ತಿದ್ದ ಹರಳುಪ್ಪು ಸಾಣಿಕಟ್ಟೆಯದ್ದು ಅಂತ ಅಷ್ಟೇ ನನಗೆ ಗೊತ್ತಿತ್ತು. ಗೋಣಿಯಲ್ಲಿ ದೇವಿಮನೆ ಘಟ್ಟ ಹತ್ತಿ ಬರುತ್ತಿತ್ತು. ಐವತ್ತು ದಾಟಿದ ಮೇಲೆ ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಗದ್ದೆಯ ಅಂಚಿನಲ್ಲಿ ಒಂದು ಮಧ್ಯಾಹ್ನ ನಿಂತಿದ್ದೆ. ಸಮುದ್ರದ ಭರತದ ನೀರು ಏರುತ್ತಿತ್ತು. ಇದು ಯಾವ ಹೊಳೆ ಅಂತ ಅಲ್ಲಿ ಕೆಲಸ ಮಾಡುವವನನ್ನು ಕೇಳಿದೆ. "ಅಘನಾಶಿನಿಯೇ ಅಲ್ವಾ ಸ್ವಾಮಿ" ಅಂದ, ಇಷ್ಟೂ ಗೊತ್ತಿಲ್ಲವಾ ಅನ್ನೋ ಹಾಗೆ. ಶಿರಸಿ ಕಡೆ ಹುಟ್ಟಿ, ಎಲ್ಲೂ ಅಣೆಕಟ್ಟಿಗೆ ಸಿಗದೆ ಸಮುದ್ರ ಸೇರುವ ಹೊಳೆ. ಮೇಲಿನ ದಂಡೆಯ ಮಿಡಿ, ಅಳಿವೆಯ ಉಪ್ಪು, ಎರಡೂ ನಮ್ಮತ್ತೆಯ ಭರಣಿಯಲ್ಲಿ ಸೇರುತ್ತಿದ್ದವು. ಅವರು ಸಮುದ್ರ ನೋಡಿದವರೇ ಅಲ್ಲ. ಶಿರಸಿಯಿಂದ ಕುಮಟಾಕ್ಕೆ ಅರವತ್ತು ಕಿಲೋಮೀಟರ್ ಅಷ್ಟೇ. ಮನೆಯಲ್ಲಿ ಕೂತು ಎಷ್ಟು ನೆನಪಿಸಿಕೊಂಡರೂ ನನಗೆ ಈ ವಾಕ್ಯ ಸಿಗುತ್ತಿರಲಿಲ್ಲ.

ಇನ್ನು ಸಣ್ಣಪುಟ್ಟದ್ದು. ದಣಪೆ, ಹಾಳೆ, ಕೊಟ್ಟೆ, ತಂಬುಳಿ ಅಂತ ಬರೆದು ಪ್ರತಿಯೊಂದಕ್ಕೂ ಅರ್ಥ ಕೊಟ್ಟಿದ್ದೀಯ. ತೆಗೆದು ಹಾಕು. ಹಾಳೆ ಟೊಪ್ಪಿ ಹಾಕಿಕೊಂಡವನು ಮರ ಹತ್ತಲಿ, ಓದುವವರಿಗೆ ತಾನಾಗಿ ಗೊತ್ತಾಗುತ್ತದೆ. ಅಮ್ಮಮ್ಮನ ಬಾಯಿಗೆ ಪುಸ್ತಕದ ಕನ್ನಡ ಹಾಕಬೇಡ. 'ಮಗು, ಭೋಜನಕ್ಕೆ ಬಾ' ಅಂತ ಅವರು ಕರೆದಿರಲಿಕ್ಕೆ ಸಾಧ್ಯವೇ ಇಲ್ಲ. ಸೂರ್ಯಾಸ್ತದ ಪ್ಯಾರಾ ಪೂರ್ತಿ ಬೇಡ, ಅದು ಕಾರವಾರದ ಕಡಲ ತೀರದ್ದು, ನಿಮ್ಮ ಕಣಿವೆಯದ್ದಲ್ಲ. ನಿಮ್ಮಲ್ಲಿ ಹೊತ್ತು ಗುಡ್ಡದ ಹಿಂದೆ ಐದೂವರೆಗೇ ಹೋಗಿರುತ್ತದೆ.

ಆದರೆ ನಾಲ್ಕನೇ ಪುಟದಲ್ಲಿ ಒಂದು ಸಾಲು ಇದೆ, ನನ್ನ ಪೆನ್ಸಿಲ್ ಅಲ್ಲೇ ನಿಂತಿತು. 'ಊಟ ಆದ ಮೇಲೆ ಅಮ್ಮಮ್ಮ ಹಿತ್ತಿಲ ಬಾಗಿಲಲ್ಲಿ ಚಿಮಣಿ ಬುಡ್ಡಿ ಆರಿಸಿ ಒಬ್ಬಳೇ ಕೂತಿರುತ್ತಿದ್ದಳು.' ಮುಂದಿನ ಸಾಲಿಗೆ ನೀನು ನಕ್ಷತ್ರಕ್ಕೆ ಹಾರಿಬಿಟ್ಟೆ. ದೀಪ ಯಾಕೆ ಆರಿಸುತ್ತಿದ್ದರು? ಸೀಮೆಎಣ್ಣೆ ಉಳಿಸಲಿಕ್ಕೋ, ಯಾರಿಗೂ ಕಾಣಬಾರದು ಅಂತಲೋ? ಎಷ್ಟು ಹೊತ್ತು ಕೂರುತ್ತಿದ್ದರು? ನೀನು ಹತ್ತಿರ ಹೋದರೆ ಸರಿದು ಜಾಗ ಕೊಡುತ್ತಿದ್ದರೋ, ಹೋಗಿ ಮಲಗು ಅನ್ನುತ್ತಿದ್ದರೋ? ಬರಹ ಅಲ್ಲಿಂದ ಶುರುವಾಗಬೇಕು.

ನಿನಗೆ ಗೊತ್ತಿಲ್ಲದಿದ್ದರೆ ನಿನ್ನ ಆಯಿಗೆ ಗೊತ್ತಿರುತ್ತದೆ. ಫೋನಿನಲ್ಲಿ ಕೇಳಬೇಡ, 'ಎಂತಕ್ಕೆ ಈಗ ಅದೆಲ್ಲ' ಅಂತ ಮಾತು ಮುಗಿಸಿಬಿಡುತ್ತಾರೆ. ಅಡಿಕೆ ಸುಲಿಯುವ ಹೊತ್ತಿಗೆ ಊರಿಗೆ ಹೋಗು. ಪಕ್ಕದಲ್ಲಿ ನೀನೂ ಒಂದು ಮೆಟ್ಟುಗತ್ತಿ ಹಾಕಿಕೊಂಡು ಕೂರು. ಕೈಗೆ ಕೆಲಸ ಇದ್ದಾಗ ನಮ್ಮ ಮನೆಗಳ ಹೆಂಗಸರು ಮಾತಾಡುತ್ತಾರೆ, ಎದುರಾಬದುರಾ ಕೂತರೆ ಇಲ್ಲ.

ಆಯಿಗೆ ನನ್ನ ನಮಸ್ಕಾರ ಹೇಳು. ಹೊಸ ಪ್ರತಿ ಕಳಿಸುವಾಗ ಅಕ್ಷರ ಸ್ವಲ್ಪ ದೊಡ್ಡದು ಮಾಡು, ನನ್ನ ಕಣ್ಣು ಈಗ ಸಾಲುವುದಿಲ್ಲ.

ಇಂತಿ,
ನಿನ್ನ ಹಿರಿಯ ಓದುಗ