ಪುಟ್ಟ ಮಕ್ಕಳ ಮಾತು: ಮನೆಯವರು ಗಮನಿಸಿ

1ರಿಂದ 3 ವರ್ಷದ ಮಕ್ಕಳಿರುವವರಿಗೆ ಈ ಸೂಚನೆ. ಮಗು "ನೀರು" ಎಂದಾಗ ಲೋಟ ಕೊಟ್ಟು ಸುಮ್ಮನಾಗಬೇಡಿ; "ನೀರು ಬೇಕಾ? ತಣ್ಣನೆ ನೀರು" ಎಂದು ಒಂದೆರಡು ಪದ ಸೇರಿಸಿ ಹೇಳಿ. ಆಮೇಲೆ 5ರಿಂದ 10 ಸೆಕೆಂಡು ಕಾಯಿರಿ. ಹೆಚ್ಚಿನವರು ಎಡವುವುದು ಇಲ್ಲೇ: ಮಗು ಪದ ಹುಡುಕುತ್ತಿರುವಾಗಲೇ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ.

"ಇದೇನು? ಅದೇನು?" ಎಂದು ಪರೀಕ್ಷೆ ಮಾಡುವುದಕ್ಕಿಂತ, ಮಗು ನೋಡುತ್ತಿರುವುದರ ಬಗ್ಗೆಯೇ ಮಾತಾಡಿ. ಮಗು ಕಾರಿಗೆ "ತಾರು" ಎಂದರೆ ತಿದ್ದಿ ಮತ್ತೆ ಹೇಳಿಸಬೇಡಿ, "ಹೌದು, ಕಾರು ಹೋಯ್ತು" ಎನ್ನಿ. (ಮುದ್ದಿಗೆಂದು ನೀವೂ "ತಾರು" ಅನ್ನಬೇಡಿ, ಅಜ್ಜ ಅಜ್ಜಿಯರೇ!)

ಯಾರೂ ನೋಡದಿದ್ದಾಗ ಟಿವಿ ಆಫ್ ಮಾಡಿ; ಅದು ಓಡುತ್ತಿದ್ದರೆ ದೊಡ್ಡವರ ಮಾತೇ ಕಡಿಮೆಯಾಗುತ್ತದೆ. 2 ವರ್ಷ ತುಂಬಿದರೂ ಎರಡು ಪದ ಜೋಡಿಸದಿದ್ದರೆ ವೈದ್ಯರಿಗೆ ತೋರಿಸಿ, ಮೊದಲು ಶ್ರವಣ ಪರೀಕ್ಷೆ ಮಾಡಿಸಿ.