ಹಾಸ್ಟೆಲ್ ಊಟಕ್ಕೆ ಜಿಲ್ಲೆಯ ಬೆಳೆ ಬರಲಿ

ಹಾಸನ ಜಿಲ್ಲೆಯ ಹಾಸ್ಟೆಲ್‌, ಬಿಸಿಯೂಟ ಹಾಗೂ ಇಂದಿರಾ ಕ್ಯಾಂಟೀನ್‌ಗಳಿಗೆ ಬೇಕಾದ ರಾಗಿ, ತರಕಾರಿಯನ್ನು ಜಿಲ್ಲೆಯ ಸಣ್ಣ ರೈತರಿಂದಲೇ ಖರೀದಿಸುವ ವ್ಯವಸ್ಥೆಯಾಗಬೇಕು. ಆಲೂಗಡ್ಡೆಗೆ ಹೆಸರಾದ ಜಿಲ್ಲೆ ನಮ್ಮದು. ಆದರೆ ಫಸಲು ಒಮ್ಮೆಲೇ ಮಾರುಕಟ್ಟೆಗೆ ಬಂದಾಗ ಬೆಲೆ ಕುಸಿಯುತ್ತದೆ. ದಾಸ್ತಾನು ಮಾಡಲಾಗದ ರೈತರು ಕೇಳಿದ ಬೆಲೆಗೆ ಕೊಟ್ಟು ಬರುತ್ತಾರೆ. ವರ್ಷವಿಡೀ ಊಟ ಬಡಿಸುವ ಸಂಸ್ಥೆಗಳೇ ಖಾಯಂ ಗಿರಾಕಿಗಳಾದರೆ ಅವರಿಗೆ ನೆಮ್ಮದಿ, ಮಕ್ಕಳಿಗೆ ತಾಜಾ ಆಹಾರ. ಶಾಲಾ ಊಟದ ಕೇಂದ್ರ ಅನುದಾನದಲ್ಲಿ ಕನಿಷ್ಠ ಶೇ 30ರಷ್ಟನ್ನು ಕೃಷಿಕ ಕುಟುಂಬಗಳಿಂದ ಖರೀದಿಸಲು ಬಳಸಬೇಕೆಂದು ಬ್ರೆಜಿಲ್ 2009ರಲ್ಲೇ ಕಾನೂನು ಮಾಡಿತು. ಟೆಂಡರ್‌ ಠೇವಣಿ, ದಾಖಲೆಗಳ ಹೊರೆಯನ್ನು ಸಣ್ಣ ರೈತರು ಹೊರಲಾರರು. ರೈತ ಉತ್ಪಾದಕ ಸಂಸ್ಥೆ, ಮಹಿಳಾ ಸ್ವಸಹಾಯ ಸಂಘಗಳಿಗೆ ಅದರಿಂದ ವಿನಾಯಿತಿ ಕೊಟ್ಟು, ಮೊದಲಿಗೆ ಒಂದು ತಾಲ್ಲೂಕಿನ ಹಾಸ್ಟೆಲ್‌ಗಳಲ್ಲಾದರೂ ಜಿಲ್ಲಾಡಳಿತ ಇದನ್ನು ಆರಂಭಿಸಲಿ. ಹಣವನ್ನು ಹದಿನೈದು ದಿನದೊಳಗೆ ಪಾವತಿಸುವ ಷರತ್ತೂ ಇರಲಿ.

– ಓದುಗರೊಬ್ಬರು, ಅರಕಲಗೂಡು